ನಿಮ್ಮ ಕೈಯಲ್ಲಿ ನೆರಳು, ನಮ್ಮ ಕೋಳಿಗೂಡಿನಲ್ಲಿ ಪುಸ್ತಕ

ಸರೋವರ ತೀರದ ಸಮಸ್ತ ಗ್ರಂಥಾಲಯಗಳ ಮಾನ್ಯ ನಿರ್ದೇಶಕರೇ, ನಮ್ಮ ದ್ವೀಪದ ಒಂದು ಪುಸ್ತಕವನ್ನು ಒಯ್ದು ಇನ್ನೂ ಹಿಂದಿರುಗಿಸದ ಓದುಗರೇ,

ತಾವು ನಮಗೆ ಮೋಸ ಮಾಡಿದ್ದೀರಿ. ಈ ಮಾತನ್ನು ಪತ್ರದ ಕೊನೆಯಲ್ಲಿ, ಯಥೋಚಿತ ವಂದನೆಗಳೆಲ್ಲ ಮುಗಿದ ಮೇಲೆ, ಹತ್ತಿಯಲ್ಲಿ ಸುತ್ತಿ ಹೇಳಬೇಕೆಂದು ನಮ್ಮ ಗ್ರಂಥಪಾಲಕಿ ಮಿಲ್ಕಾ ಅವೂರ್ ಸಲಹೆ ಕೊಟ್ಟಿದ್ದರು. ಆದರೆ ತಮ್ಮಂಥ ಕಾರ್ಯನಿರತರು ಪತ್ರಗಳ ಮೊದಲ ಸಾಲನ್ನಷ್ಟೇ ಓದುತ್ತಾರೆಂದು ಕೇಳಿದ್ದೇನೆ. ಆದ್ದರಿಂದ ಮುಖ್ಯ ವಿಷಯವನ್ನು ಅಲ್ಲಿಯೇ ಇಟ್ಟಿದ್ದೇನೆ. ಕಳೆದ ಫೆಬ್ರವರಿಯಲ್ಲಿ ನಮ್ಮ ನ್ಯಾಮುವಾ ದ್ವೀಪಕ್ಕೆ ಬಂದು, ಪುಸ್ತಕಗಳ ಡಿಜಿಟಲ್ ಪ್ರತಿಗಳನ್ನು ಎರವಲು ಕೊಡುವ ನಮ್ಮ ಪುಟ್ಟ ವ್ಯವಸ್ಥೆಯನ್ನು ರಿಬ್ಬನ್ ಕತ್ತರಿಸಿ ಉದ್ಘಾಟಿಸಿದ ಅದೇ ಕೈ, ಆಗಸ್ಟಿನಲ್ಲಿ ಅದನ್ನು ಮುಚ್ಚುವ ಆದೇಶಕ್ಕೆ ರುಜು ಹಾಕಿತು. ರಿಬ್ಬನ್ನಿಗೆ ಬಳಸಿದ ಕತ್ತರಿ ನನ್ನ ಅಂಗಡಿಯದು. ಅದು ಈಗಲೂ ಎರಡೂ ಕಡೆಗೆ ಕತ್ತರಿಸುತ್ತದೆ. ತಮ್ಮ ಸಹವಾಸದಿಂದ ಕಲಿತದ್ದೋ ಏನೋ.

ನಾನು ಯಾರೆಂದು ಹೇಳಿಕೊಳ್ಳುವುದು ಪದ್ಧತಿ. ಮೀನುಕಟ್ಟೆಯ ಪಕ್ಕದಲ್ಲಿ ಮೊಬೈಲ್ ರಿಪೇರಿ ಮಾಡುವವನು. ದ್ವೀಪದಲ್ಲಿ ನನಗೆ ಅಂಥ ಒಳ್ಳೆಯ ಹೆಸರಿಲ್ಲ. ಸರೋವರವನ್ನು ಸ್ವಚ್ಛಗೊಳಿಸುವ ಸಲುವಾಗಿ ನಾಳೆ ನೀರನ್ನೆಲ್ಲ ಖಾಲಿ ಮಾಡಲಾಗುವುದು, ಸಾರ್ವಜನಿಕರು ಕೊಡ ತುಂಬಿಸಿಟ್ಟುಕೊಳ್ಳತಕ್ಕದ್ದು ಎಂದು ಮೀನುಕಟ್ಟೆಯ ಧ್ವನಿವರ್ಧಕದಲ್ಲಿ ಸರ್ಕಾರಿ ದನಿಯಲ್ಲಿ ಘೋಷಿಸಿದವನು ನಾನೇ. ಅರ್ಧ ದ್ವೀಪ ತುಂಬಿಸಿಟ್ಟುಕೊಂಡಿತು. ಅವರನ್ನು ನೋಡಿ ನಗಬೇಡಿ. ಸರ್ಕಾರಿ ದನಿಯಲ್ಲಿ ಏನು ಹೇಳಿದರೂ ನಂಬುವ ಜನ ನಾವು. ತಮ್ಮನ್ನೂ ಹಾಗೆಯೇ ನಂಬಿದೆವು.

ಈಗ, ತಾವು ಮುಚ್ಚಿಸಿದ ವ್ಯವಸ್ಥೆ ಎಂಥದ್ದಾಗಿತ್ತು ಎಂಬುದನ್ನು ಪತ್ರಿಕೆಯ ಓದುಗರಿಗೆ ತಿಳಿಸಬೇಕು. ತಮಗೆ ತಿಳಿಸುವ ಅಗತ್ಯವಿಲ್ಲ. ತಾವೇ ಅದರ ಬಗ್ಗೆ ಅಷ್ಟು ಹೊತ್ತು ಭಾಷಣ ಮಾಡಿದ್ದೀರಿ. ನಮ್ಮ ಗ್ರಂಥಾಲಯ ಒಂದು ಕೋಣೆ, ಒಂದು ತಗಡಿನ ಸೂರು. ಗಾಳಿ ಎದ್ದರೆ ಆ ಬದಿಯ ದೋಣಿ ಈ ಬದಿಗೆ ಬರುವುದಿಲ್ಲ, ಪುಸ್ತಕವೂ ಬರುವುದಿಲ್ಲ. ಹಾಗಾಗಿ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಒಂದು ಸಣ್ಣ ಪೆಟ್ಟಿಗೆಯಲ್ಲಿ ತುಂಬಿಸಿಟ್ಟೆವು. ಬೇಕಾದವರು ಫೋನಿಗೋ ಟ್ಯಾಬ್ಲೆಟ್ಟಿಗೋ ಇಳಿಸಿಕೊಂಡು ಓದುವುದು, ಗಡುವು ಮುಗಿದ ಕೂಡಲೇ ಅದು ತಾನಾಗಿ ಮುಚ್ಚಿಕೊಳ್ಳುವುದು. ಇಲ್ಲಿಯವರೆಗೆ ಬುದ್ಧಿವಂತಿಕೆ ನನ್ನದು. ಇದರ ಮುಂದಿನ ಪ್ರಾಮಾಣಿಕತೆ ಮಿಲ್ಕಾ ಮೇಡಂ ಅವರದು. ಅದಕ್ಕೂ ನನಗೂ ಸಂಬಂಧವಿಲ್ಲ.

ಅವರ ನಿಯಮ ಇಷ್ಟೇ: ನಮ್ಮಲ್ಲಿ ಒಂದು ಪುಸ್ತಕ ಇದ್ದರೆ, ಒಂದು ಹೊತ್ತಿಗೆ ಒಬ್ಬನೇ ಓದಬೇಕು. ಡಿಜಿಟಲ್ ಪ್ರತಿ ಯಾರದೋ ಫೋನಿನಲ್ಲಿದ್ದರೆ ಕಾಗದದ ಪುಸ್ತಕವನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿಲ್ಲವೆಂದು ಎಲ್ಲರಿಗೂ ಕಾಣಬೇಕು. ಅದಕ್ಕೆಂದು ಅವರು ಚರ್ಚಿನಿಂದ ತಂತಿಬಲೆಯ ಒಂದು ಹಳೆಯ ಕೋಳಿಗೂಡನ್ನು ತಂದು ಬಾಗಿಲ ಎದುರಿಗೇ ಇಟ್ಟರು. ಡಿಜಿಟಲ್ ಪ್ರತಿ ಹೊರಗೆ ಹೋದ ಕ್ಷಣ ಪುಸ್ತಕ ಗೂಡಿನೊಳಗೆ. ಬೀಗದ ಕೈ ಅವರ ಕೊರಳಿನಲ್ಲಿ.

"ನೆರಳು ಹೊರಗಿದ್ರೆ ದೇಹ ಒಳಗೆ" ಎನ್ನುತ್ತಿದ್ದರು. "ಎರಡೂ ಒಟ್ಟಿಗೆ ತಿರುಗಾಡೋದಕ್ಕೆ ಇದೇನು ದೆವ್ವದ ಮನೆಯಾ?"

ತಮ್ಮ ಉದ್ಘಾಟನೆಗೆ ಮೊದಲೇ ಇದೆಲ್ಲ ಓಡತೊಡಗಿತ್ತು. ಕೆಲವೇ ವಾರಗಳಲ್ಲಿ ದ್ವೀಪದ ಜನ ಮೀನುಕಟ್ಟೆಗೆ ಹೋಗುವ ದಾರಿಯಲ್ಲಿ ಕೋಳಿಗೂಡಿಗೆ ಇಣುಕುವುದನ್ನು ರೂಢಿ ಮಾಡಿಕೊಂಡರು.

"ಇವತ್ತು ಯಾರು ಒಳಗೆ?"

"ಜೀವಶಾಸ್ತ್ರ, ಎರಡನೇ ಭಾಗ."

"ಅಯ್ಯೋ, ಮತ್ತೇ? ಹೋದ ವಾರ ತಾನೇ ಬಿಡುಗಡೆ ಆಗಿತ್ತು."

"ಪರೀಕ್ಷೆ ಹತ್ರ ಬಂತಲ್ಲ ಮಾರಾಯ, ಜಾಮೀನು ಸಿಗಲ್ಲ."

ತಾವು ಬಂದ ದಿನವೂ ಮೊದಲು ಕೇಳಿದ್ದು ಅದರ ಬಗ್ಗೆಯೇ. "ಏನಮ್ಮಾ ಇದು, ಪುಸ್ತಕಕ್ಕೆ ಕಾಳು ಹಾಕ್ತೀರಾ?" ಎಂದಿರಿ. ಮಿಲ್ಕಾ ಮೇಡಂ ವಿವರಿಸಿದರು. ತಮ್ಮ ಕಣ್ಣು ಅರಳಿದ್ದನ್ನು ನಾನು ನೋಡಿದ್ದೇನೆ. ತಮ್ಮ ಭಾಷಣದ ಮುಕ್ಕಾಲು ಭಾಗ ಆ ಕೋಳಿಗೂಡಿನ ಸ್ತುತಿಯಾಗಿತ್ತು. ಬರೆದವನ ಹಕ್ಕು, ಓದುವವನ ಹಸಿವು ಎರಡಕ್ಕೂ ಇಲ್ಲಿ ನ್ಯಾಯ ಸಿಕ್ಕಿದೆ ಎಂದಿರಿ. ರಾಜಧಾನಿಯ ಪಂಡಿತರು ವರ್ಷಗಟ್ಟಲೆ ಜಗಳವಾಡುತ್ತಿರುವ ಪ್ರಶ್ನೆಯನ್ನು ಈ ದ್ವೀಪದ ಹೆಣ್ಣುಮಗಳು ತಂತಿಬಲೆಯಲ್ಲಿ ಬಿಡಿಸಿದ್ದಾಳೆ ಎಂದಿರಿ. ಆ ಹೆಣ್ಣುಮಗಳು ಆ ಇಡೀ ವಾರ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ, ಅಷ್ಟು ಎತ್ತರದಲ್ಲಿದ್ದರು.

ಭಾಷಣ ಮುಗಿದ ಮೇಲೆ ಒಹಾಂಗ್ಲಾ ಡೋಲು ಶುರುವಾಯಿತು. ಬಾರಿಸುವವರನ್ನು ಕೈಯೆತ್ತಿ ನಿಲ್ಲಿಸಿ ತನ್ನ ಬಗ್ಗೆ ತಾನೇ ಬಡಾಯಿ ಹೇಳಿಕೊಳ್ಳುವ ಪಕ್ರುವೊಕ್ ತಮಗೇನು ಹೊಸದಲ್ಲ. ತಾವೂ ಸರೋವರದ ನೀರು ಕುಡಿದವರೇ. ತಾವು ಕೋಟಿನ ಗುಂಡಿ ಹಾಕಿಕೊಂಡು, ಕೈಯೆತ್ತಿ, ನನ್ನ ಮೈಕು ಕಸಿದುಕೊಂಡು ಕೂಗಿದಿರಿ: "ನಿಲ್ಲಿಸಿ ಡೋಲು! ನಾನು ಬೀಗಗಳ ವೈರಿ! ಮುಚ್ಚಿದ ಪುಸ್ತಕ ನನ್ನ ಹೆಜ್ಜೆ ಸದ್ದು ಕೇಳಿದ್ರೆ ತಾನಾಗಿ ತೆರ್ಕೊಳತ್ತೆ!" ಜನ ಹುಚ್ಚೆದ್ದು ಕುಣಿದರು. ಪಕ್ರುವೊಕ್‌ನಲ್ಲಿ ಹೇಳಿದ್ದಕ್ಕೆ ನಮ್ಮಲ್ಲಿ ಯಾರೂ ಸಾಕ್ಷಿ ಕೇಳುವುದಿಲ್ಲ. ಆದರೆ ಹೇಳಿಕೊಂಡ ಹೆಸರನ್ನು ಊರು ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ದೋಣಿಯವ ರಪುದೊ ಮರುದಿನವೇ ತನ್ನ ಹೊಸ ದೋಣಿಯ ಮೂತಿಯ ಮೇಲೆ ನೀಲಿ ಬಣ್ಣದಲ್ಲಿ "ಬೀಗಗಳ ವೈರಿ" ಎಂದು ಬರೆಸಿದ. ತಮ್ಮ ಹೆಸರಿನ ದೋಣಿಯೊಂದು ಈ ಸರೋವರದಲ್ಲಿ ಓಡಾಡುತ್ತಿದೆ ಎಂಬ ಸುದ್ದಿ ಕಚೇರಿಗೆ ತಲುಪಿತ್ತೇ? ಕಡತದಲ್ಲಿ ಅದಕ್ಕೊಂದು ಜಾಗ ಮಾಡಿಸಬೇಕಿತ್ತು.

ಇನ್ನು ಪೆರೆಸ್ ಅಜ್ಜಿಯ ವಿಚಾರ. ಈ ಪತ್ರ ಇರುವುದೇ ಅವಳಿಗಾಗಿ.

ಪೆರೆಸ್ ಅಜ್ಜಿ ಮಗಾಕ್ ಮೇಷ್ಟ್ರ ಹೆಂಡತಿ. ಮೇಷ್ಟ್ರು ಬದುಕಿದ್ದಾಗ ಒಂದೇ ಒಂದು ಪುಸ್ತಕ ಬರೆದರು, "ದೋಣಿಗಳ ಹೆಸರುಗಳು". ದ್ವೀಪದ ಯಾವ ದೋಣಿಗೆ ಯಾವ ಹೆಸರು, ಯಾರು ಇಟ್ಟರು, ಯಾರ ಮೇಲಿನ ಸಿಟ್ಟಿಗೆ ಇಟ್ಟರು ಎಂಬ ಕಥೆಗಳು. ರಾಜಧಾನಿಯ ಪ್ರಕಾಶಕರೊಬ್ಬರು ಅದನ್ನು ಅಚ್ಚು ಹಾಕಿ, ಹಕ್ಕೆಲ್ಲ ತಮ್ಮದೆಂದು ಬರೆಸಿಕೊಂಡು, ಆಮೇಲೆ ಮರೆತರು. ಅದರಲ್ಲಿ ಒಂದು ಅಧ್ಯಾಯ ಮೇಷ್ಟ್ರ ಮದುವೆಯ ದೋಣಿಯದು. ಹೊಸ ಹೆಂಡತಿಯನ್ನು ಆ ದೋಣಿಯಲ್ಲಿ ಕರೆತರುವಾಗ ಅವಳು ನಡುನೀರಿನಲ್ಲಿ ವಾಂತಿ ಮಾಡಿಕೊಂಡು, "ನನ್ನ ವಾಪಸ್ ಅಮ್ಮನ ಮನೆಗೆ ಬಿಡಿ, ಈ ಗಂಡ ಬೇಡ" ಎಂದು ಅತ್ತಳೆಂದು ಮೇಷ್ಟ್ರು ಅದರಲ್ಲಿ ಬರೆದಿದ್ದಾರಂತೆ. ಪುಸ್ತಕ ಬಂದಾಗ ಇಡೀ ದ್ವೀಪ ಓದಿ ನಕ್ಕಿತು. ಅಜ್ಜಿ ಆ ಅಧ್ಯಾಯ ಓದುವುದಿಲ್ಲವೆಂದು ಹಟ ಹಿಡಿದಳು. ಓದು ಕಲಿಸಿದವರು ಮೇಷ್ಟ್ರೇ. ಕಲಿಸಿದವರ ಪುಸ್ತಕವನ್ನೇ ಓದದೆ ಸೇಡು ತೀರಿಸಿಕೊಂಡಳು. ಮೇಷ್ಟ್ರು ಸಾಯುವವರೆಗೂ ಹಟ ಬಿಡಲಿಲ್ಲ.

ಸತ್ತ ಮೇಲೆ ಹಟ ಸಡಿಲವಾಯಿತು. ಆದರೆ ಅಷ್ಟರಲ್ಲಿ ಸರೋವರ ಉಕ್ಕಿ ಮನೆಯೊಳಗೆ ಬಂದು, ಮೇಷ್ಟ್ರ ಪೆಟ್ಟಿಗೆಯನ್ನೂ ಅದರಲ್ಲಿದ್ದ ಪುಸ್ತಕಗಳನ್ನೂ ತೆಗೆದುಕೊಂಡು ಹೋಗಿತ್ತು. ದ್ವೀಪದಲ್ಲಿ ಉಳಿದದ್ದು ಗ್ರಂಥಾಲಯದ ಒಂದೇ ಪ್ರತಿ. ಅದರ ಅಕ್ಷರ ಇರುವೆ ಸಾಲಿನಂತೆ. ಅಜ್ಜಿಯ ಕಣ್ಣಿನ ನಡುವೆ ಹೊಗೆ ತುಂಬಿಕೊಂಡಿತ್ತು. ಭೂತಗನ್ನಡಿ ಕೊಟ್ಟು ನೋಡಿದೆವು. "ಒಂದು ಅಕ್ಷರ ಕಾಣತ್ತೆ. ಮುಂದಿಂದಕ್ಕೆ ಹೋಗೋದ್ರೊಳಗೆ ಹಿಂದಿಂದು ಮರೆತುಹೋಗತ್ತೆ. ಇದು ಓದಲ್ಲ ಕಣೋ, ಹೇನು ಹೆಕ್ಕೋದು" ಎಂದಳು. ಓದಿ ಹೇಳುತ್ತೇವೆಂದರೆ ಒಪ್ಪಲಿಲ್ಲ. "ಆ ಕಥೇನ ಈ ದ್ವೀಪದಲ್ಲಿ ಎಲ್ಲರ ಬಾಯಲ್ಲೂ ಕೇಳಿದೀನಿ. ಒಬ್ಬೊಬ್ರು ಒಂದೊಂದು ಥರ ವಾಂತಿ ಮಾಡಿಸ್ತಾರೆ ನನ್ನ ಕೈಲಿ. ಆ ಮನುಷ್ಯ ಏನು ಬರೆದಿದಾನೆ ಅಂತ ನಾನೇ ನೋಡ್ಬೇಕು."

ಹಾಗೆ ನೋಡಲು ಅವಳಿಗೆ ಸಾಧ್ಯವಾಗಿದ್ದು ಡಿಜಿಟಲ್ ಪ್ರತಿಯಿಂದ ಮಾತ್ರ. ಗ್ರಂಥಾಲಯದ ಟ್ಯಾಬ್ಲೆಟ್ಟಿನಲ್ಲಿ ಅಕ್ಷರವನ್ನು ಹಿಗ್ಗಿಸಿ ಹಿಗ್ಗಿಸಿ, ಕಪ್ಪು ಹಾಳೆಯ ಮೇಲೆ ಬಿಳಿ ಅಕ್ಷರ ಮಾಡಿ ಕೊಟ್ಟೆ. ಒಂದು ಸಾಲಿನಲ್ಲಿ ಎರಡೇ ಪದ. ಅಜ್ಜಿ ಬೆರಳಿಟ್ಟು ಓದತೊಡಗಿದಳು. "ಅಬ್ಬಾ, ಅಕ್ಷರ ಅಂದ್ರೆ ಹೀಗಿರ್ಬೇಕು, ಮೀನಿನ ಗಾತ್ರಕ್ಕೆ!" ಎಂದಳು. ಮುಂದಿನ ದೋಣಿಗೆ, ಮುಂದಿನ ದೋಣಿಗೆ ಎಂದು ನಿಧಾನವಾಗಿ ಹೋದಳು. ಗಡುವು ಮುಗಿಯಿತು, ಪುಸ್ತಕ ಮುಚ್ಚಿಕೊಂಡಿತು, ಸರದಿಯಲ್ಲಿ ಮುಂದೆ ಇದ್ದವರಿಗೆ ಹೋಯಿತು. ಅಜ್ಜಿ ಸರದಿಗೆ ಮತ್ತೆ ಹೆಸರು ಕೊಟ್ಟಳು. ಇನ್ನೊಂದು ಸಲ ಸಿಕ್ಕರೆ ಮದುವೆಯ ದೋಣಿಗೆ ತಲುಪುತ್ತಾಳೆ. ಡಿಸೆಂಬರಿನಲ್ಲಿ ಮೇಷ್ಟ್ರ ರಪಾರ್. ತೀರಿಕೊಂಡವರನ್ನು ನೆನೆದು ಊರಿಗೆಲ್ಲ ಊಟ ಹಾಕುವ ದಿನ. ಆ ದಿನ ಎಲ್ಲರೆದುರು ಆ ಅಧ್ಯಾಯವನ್ನು ತಾನೇ ಗಟ್ಟಿಯಾಗಿ ಓದಿ, ಅಲ್ಲಿಯೇ ನಿಂತು ಗಂಡನಿಗೆ ಉತ್ತರ ಕೊಡುವುದು ಅವಳ ಲೆಕ್ಕಾಚಾರ. "ಇಷ್ಟು ವರ್ಷ ಅವನೊಬ್ಬನೇ ಮಾತಾಡಿದಾನೆ. ಈಗ ನನ್ನ ಸರದಿ." ದಡದಾಚೆಯ ಕಣ್ಣಿನ ಡಾಕ್ಟರು ಹೇಳಿದ್ದು ಇಷ್ಟು: ಹೊಗೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ, ನೋಡಬೇಕಾದ್ದನ್ನು ಈ ವರ್ಷವೇ ನೋಡಿಬಿಡಲಿ.

ಇಂಥ ಸಮಯದಲ್ಲಿ ತಾವು ಬಂದಿರಿ. ಉದ್ಘಾಟನೆ ಎಂದರೆ, ಶಾಸ್ತ್ರಕ್ಕಾದರೂ, ಉದ್ಘಾಟಕರೇ ಮೊದಲ ಎರವಲು ಪಡೆಯಬೇಕಲ್ಲವೇ? ಯಾವ ಪುಸ್ತಕ ಎಂದು ಕೇಳಿದಾಗ ತಾವು "ಈ ದ್ವೀಪದ್ದೇ ಏನಾದ್ರೂ ಕೊಡಿ" ಎಂದಿರಿ. ಅಜ್ಜಿಯನ್ನು ಕೇಳಿದೆವು. ಸರದಿ ಅವಳದಾಗಿತ್ತು. "ಕೊಡಿ, ಕೊಡಿ. ಅಷ್ಟು ದೊಡ್ಡ ಮನುಷ್ಯ ನನ್ನ ಗಂಡನ್ನ ಓದ್ತಾರೆ ಅಂದ್ರೆ ನಾನು ಅಡ್ಡ ಬರ್ತೀನಾ?" ಎಂದಳು. ನಾನು ತಮ್ಮ ಟ್ಯಾಬ್ಲೆಟ್ಟಿಗೆ ಪುಸ್ತಕ ಇಳಿಸುತ್ತ ಮಿಲ್ಕಾ ಮೇಡಂ ಕಿವಿಯಲ್ಲಿ ಕೇಳಿದೆ: "ಗಡುವು ಎಷ್ಟು ಹಾಕ್ಲಿ?"

"ಗಡುವಾ? ಅತಿಥಿಗೆ ಗಡುವಾ? ನಿಮ್ಮಮ್ಮ ಮನೆಗೆ ಬಂದೋರಿಗೆ ಮುದ್ದೆ ಬಡಿಸಿ, ಎಷ್ಟೊತ್ತಿಗೆ ಏಳ್ತೀರಿ ಅಂತ ಕೇಳ್ತಾಳಾ?"

"ಪುಸ್ತಕ ಮುದ್ದೆ ಅಲ್ವಲ್ಲ ಮೇಡಂ."

"ಬಾಯ್ಮುಚ್ಚು. ಆ ಜಾಗ ಖಾಲಿ ಬಿಡು."

ಖಾಲಿ ಬಿಟ್ಟೆ. ಇಡೀ ವ್ಯವಸ್ಥೆಯಲ್ಲಿ ಗಡುವಿಲ್ಲದೆ ಹೋದ ಒಂದೇ ಪುಸ್ತಕ ಅದು. ನಿಯಮ ತಪ್ಪಿದರೆ ತನ್ನ ತಾಯಿಗೂ ದಂಡ ಹಾಕುವ ಹೆಂಗಸು ತಮಗಾಗಿ ನಿಯಮ ಮುರಿದರು. ಮರ್ಯಾದೆ ಎಂದು ನಾವು ಮಾಡಿದ ಆ ತಪ್ಪಿನ ಫಲವನ್ನು ಈಗ ಉಣ್ಣುತ್ತಿದ್ದೇವೆ.

ಆ ಮಧ್ಯಾಹ್ನ ತಾವು ಊಟ ಮಾಡಿದ್ದು ಪೆರೆಸ್ ಅಜ್ಜಿಯ ಮನೆಯಲ್ಲಿ. ನಾನು ಕೈತೊಳೆಯುವ ನೀರು ಹಿಡಿದು ಅಲ್ಲಿಯೇ ನಿಂತಿದ್ದೆ. ತಾವು ಮೀನಿನ ತಲೆಯನ್ನು ತಟ್ಟೆಯ ಅಂಚಿಗೆ ಸರಿಸಿದಿರಿ. ಕಣ್ಣಲ್ಲಿ ಹೊಗೆಯಿದ್ದರೂ ಅಜ್ಜಿಗೆ ಅಂಥವು ಕಾಣುತ್ತವೆ.

"ಏನ್ ಸಾಹೇಬ್ರೇ, ತಲೆ ಬಿಟ್ಟುಬಿಟ್ರಿ? ತಲೆ ತಿನ್ನದೆ ಆಫೀಸು ಹೇಗೆ ನಡೆಸ್ತೀರಿ?"

"ಇಲ್ಲಮ್ಮಾ, ಕೊನೆಗೆ ಅಂತ ಇಟ್ಕೊಂಡಿದೀನಿ."

"ಹಾಗಾದ್ರೆ ಸರಿ. ಒಳ್ಳೇದನ್ನ ಕೊನೆವರೆಗೂ ಇಟ್ಕೊಳ್ಳೋ ಗಂಡಸರನ್ನ ನಾನು ನೋಡೇ ಇಲ್ಲ."

ತಾವು ನಕ್ಕು, ತಲೆಯನ್ನೂ ತಿಂದು, ಆಮೇಲೆ ಅವಳ ಕೈ ಹಿಡಿದುಕೊಂಡು ಹೇಳಿದಿರಿ: "ಅಮ್ಮಾ, ನಿಮ್ಮ ಯಜಮಾನರ ಪುಸ್ತಕಕ್ಕೆ ಇನ್ನು ನಾನೇ ಕಾವಲು. ಡಿಸೆಂಬರ್‌ನಲ್ಲಿ ರಪಾರ್‌ಗೆ ನಾನೂ ಬರ್ತೀನಿ."

"ಕಾವಲು ಬೇಡಪ್ಪ, ಮನೇಲಿ ನಾಯಿ ಇದೆ" ಎಂದಳು ಅಜ್ಜಿ. "ಓದಿ ವಾಪಸ್ ಕೊಡು, ಸಾಕು. ನನಗೆ ಒಂದು ದೋಣಿ ಬಾಕಿ ಇದೆ."

ತಾವು ಹೋದಿರಿ. "ದೋಣಿಗಳ ಹೆಸರುಗಳು" ಕೋಳಿಗೂಡಿನೊಳಗೆ ಹೋಯಿತು.

ಮಾರ್ಚ್ ಹೋಯಿತು, ಮಳೆ ಬಂದು ನಿಂತಿತು, ಮೀನು ಬಂದವು ಹೋದವು, ಪುಸ್ತಕ ಹೊರಗೆ ಬರಲಿಲ್ಲ. ತಮ್ಮ ಕಚೇರಿಗೆ ಮಿಲ್ಕಾ ಮೇಡಂ ಫೋನ್ ಮಾಡಿದರು. ಸಾಹೇಬರು ಸಭೆಯಲ್ಲಿದ್ದಾರೆ ಎಂಬ ಉತ್ತರ ಬಂತು. ಮತ್ತೆ ಮಾಡಿದರು, ಸಭೆ ಮುಂದುವರಿದಿತ್ತು. ಅಷ್ಟು ದೀರ್ಘವಾದ ಸಭೆಯಲ್ಲಿ ಏನು ಚರ್ಚೆಯಾಗುತ್ತಿತ್ತೆಂದು ಆಗಸ್ಟಿನಲ್ಲಿ ಗೊತ್ತಾಯಿತು. ಕಿರಿಯ ಅಧಿಕಾರಿಯೊಬ್ಬರು ಲೈಫ್ ಜಾಕೆಟ್ಟನ್ನು ಎರಡೂ ಕೈಯಿಂದ ಅಪ್ಪಿಕೊಂಡು ದೋಣಿಯಿಂದಿಳಿದು, ತಮ್ಮ ಆದೇಶ ಓದಿದರು. ಪ್ರಕಾಶಕರ ಸಂಘದ ದೂರಿನ ಮೇರೆಗೆ, ಅನುಮತಿಯಿಲ್ಲದೆ ಪುಸ್ತಕಗಳ ಪ್ರತಿ ಮಾಡಿದ್ದು ಗ್ರಂಥಸ್ವಾಮ್ಯದ ಉಲ್ಲಂಘನೆಯಾದ್ದರಿಂದ, ಪುಸ್ತಕ ಮಾರುಕಟ್ಟೆಗೆ ಧಕ್ಕೆಯಾಗುವುದರಿಂದ, "ಲೇಖಕರ ಹಾಗೂ ಅವರ ವಾರಸುದಾರರ ಹಿತದೃಷ್ಟಿಯಿಂದ" ಸಮಸ್ತ ಡಿಜಿಟಲ್ ಪ್ರತಿಗಳನ್ನು ಅಳಿಸತಕ್ಕದ್ದು.

ವಾರಸುದಾರರು! ಮಾನ್ಯರೇ, ತಾವು ವಾರಸುದಾರರ ಮನೆಯಲ್ಲಿ ಮೀನಿನ ತಲೆ ತಿಂದಿದ್ದೀರಿ. ಅವಳ ಹಿತವೇನೆಂದು ಅವಳನ್ನೇ ಕೇಳಬಹುದಿತ್ತಲ್ಲ?

ಇಲ್ಲಿ ನಾನು ಸ್ವಲ್ಪ ನ್ಯಾಯವಾಗಿಯೂ ಮಾತಾಡಬೇಕು. ಅಭ್ಯಾಸವಿಲ್ಲ, ತಪ್ಪಾದರೆ ಮನ್ನಿಸಿ. ಬರೆಯುವವನಿಗೆ ಹೊಟ್ಟೆಯಿದೆ ಎಂಬುದು ನನಗೆ ಗೊತ್ತು. ಒಬ್ಬ ಕೊಂಡು ಸಾವಿರ ಜನಕ್ಕೆ ಹಂಚಿದರೆ ಇನ್ನೊಂದು ಪುಸ್ತಕ ಬರೆಯಲು ಯಾರೂ ಕೂರುವುದಿಲ್ಲ. ಪ್ರಕಾಶಕರ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಪ್ರತಿ ಮಾಡಿದ್ದೇ ತಪ್ಪು ಎನ್ನುವವರಿದ್ದಾರೆ. ಕೊಂಡ ಪುಸ್ತಕವನ್ನು ಒಂದು ಹೊತ್ತಿಗೆ ಒಬ್ಬರಿಗೆ ಕೊಡುವುದು ಗ್ರಂಥಾಲಯದ ಹಳೆಯ ಕಸುಬು, ಕಾಗದದಲ್ಲಾದರೇನು ಗಾಜಿನಲ್ಲಾದರೇನು ಎನ್ನುವವರೂ ಇದ್ದಾರೆ. ಈ ವಾದ ದೊಡ್ಡದು, ದೇಶ ದೇಶಗಳಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ಮೊಬೈಲ್ ರಿಪೇರಿಯವನು ಅದನ್ನು ತೀರ್ಮಾನಿಸಲಾರ. ಆದರೆ ಹೊಸ ಪುಸ್ತಕಕ್ಕೂ ಸತ್ತ ಪುಸ್ತಕಕ್ಕೂ ಒಂದೇ ಬೀಗವೇ? ಅಂಗಡಿಯಲ್ಲಿ ಸಿಗುವ ಪುಸ್ತಕದ ಮಾರುಕಟ್ಟೆಗೆ ಧಕ್ಕೆಯಾಗುತ್ತದೆಂದರೆ ಅರ್ಥವಾಗುತ್ತದೆ. "ದೋಣಿಗಳ ಹೆಸರುಗಳು" ಎಂಬ ಪುಸ್ತಕದ ಮಾರುಕಟ್ಟೆ ಯಾವುದು, ಯಾವ ದಿನ ಸೇರುತ್ತದೆ, ತಿಳಿಸಿದರೆ ನಾವೂ ಬುಟ್ಟಿ ಹಿಡಿದು ಬರುತ್ತೇವೆ. ಸ್ಕ್ಯಾನ್ ಮಾಡುವ ಮೊದಲು ಮಿಲ್ಕಾ ಮೇಡಂ ಪ್ರಕಾಶಕರಿಗೆ ಫೋನ್ ಮಾಡಿದ್ದರು, ನನ್ನ ಅಂಗಡಿಯಲ್ಲಿ, ಸ್ಪೀಕರ್ ಹಾಕಿ.

"ದೋಣಿಗಳ ಹೆಸರುಗಳು ಬೇಕಿತ್ತು. ಇದ್ದಷ್ಟೂ ಕೊಡಿ."

"ದೋಣಿ ನಾವು ಮಾರಲ್ಲ ಮೇಡಂ."

"ಪುಸ್ತಕ! ನೀವೇ ಅಚ್ಚು ಹಾಕಿದ್ದು. ಮಗಾಕ್ ಮೇಷ್ಟ್ರು ಬರೆದಿದ್ದು."

"ನಮ್ಮಲ್ಲಿಲ್ಲ. ಮತ್ತೆ ಅಚ್ಚು ಹಾಕಲ್ಲ, ಯಾರೂ ಕೇಳಲ್ಲ. ಲೇಖಕರನ್ನೇ ವಿಚಾರಿಸಿ."

"ಅವರು ತೀರಿಕೊಂಡಿದಾರೆ."

"ಓ. ಹಾಗಾದ್ರೆ ಅವರಿಗೆ ಸಂಜೆ ಫೋನ್ ಮಾಡೋಕೆ ಹೇಳಿ, ಈಗ ಎಲ್ಲಾ ಊಟಕ್ಕೆ ಹೋಗಿದಾರೆ."

ಮಾರುವುದಿಲ್ಲ, ಅಚ್ಚು ಹಾಕುವುದಿಲ್ಲ, ಇದೆಯೆಂಬ ನೆನಪೂ ಇಲ್ಲ. ಯಾರೋ ಅಜ್ಜಿ ಓದತೊಡಗಿದಳೆಂದಾಗ ಮಾತ್ರ ಅದು ತಮ್ಮದೆಂದು ಪ್ರಕಾಶಕರಿಗೆ ನೆನಪಾಗುತ್ತದೆ. ಅತ್ತ ತಮ್ಮ ಕಚೇರಿಯ ಎದುರಿನ ಬಸ್ ನಿಲ್ದಾಣದಲ್ಲಿ ಶಾಲಾ ಪುಸ್ತಕಗಳ ಕಳ್ಳ ಪ್ರತಿಗಳು, ಬೇಯಿಸಿದ ಮೊಟ್ಟೆಯ ಪಕ್ಕದಲ್ಲಿ, ಮೊಟ್ಟೆಯಷ್ಟೇ ಬಿಸಿಯಾಗಿ ಮಾರಾಟವಾಗುತ್ತವೆ. ತಮ್ಮ ಕಿಟಕಿ ಆ ಕಡೆಗೇ ತೆರೆಯುತ್ತದೆಂದು ಬಲ್ಲೆ. ಅಲ್ಲಿ ಕಾಣದ ಗ್ರಂಥಸ್ವಾಮ್ಯ ಇಲ್ಲಿ, ಸರೋವರದ ನಡುವೆ, ಕೋಳಿಗೂಡಿನಲ್ಲಿ ಹೇಗೆ ಕಂಡಿತು? ಕದಿಯುವವರು ಓಡಿಹೋಗುತ್ತಾರೆ, ಹಿಡಿಯುವುದು ಕಷ್ಟ. ನಾವು ಬೀಗ ಹಾಕಿ, ಬೋರ್ಡು ಹಾಕಿ, ಎಲ್ಲರಿಗೂ ಕಾಣುವಂತೆ ಕೂತಿದ್ದೆವು. ಪ್ರಾಮಾಣಿಕರನ್ನು ಹಿಡಿಯುವುದು ಎಷ್ಟು ಸುಲಭ!

ಪೆಟ್ಟಿಗೆ ಅಳಿಸಿದವನು ನಾನೇ. ಬೇರೆಯವರಿಗೆ ಆ ಕೆಲಸ ಬರುತ್ತಿರಲಿಲ್ಲ. ಅಧಿಕಾರಿ ಬಲಕ್ಕೆ, ಮಿಲ್ಕಾ ಮೇಡಂ ಎಡಕ್ಕೆ. ಅಂಗಡಿಯ ಎದುರು ನಿಂತವರೆಲ್ಲ ಕಣ್ಣು ಮಿಟುಕಿಸುತ್ತಿದ್ದರು. "ಒಮೆರಾ, ಒಂದು ಪ್ರತಿ ಜೇಬಿಗೆ ಹಾಕ್ಕೊಳೋ, ನಿನಗೆ ಹೇಳಿಕೊಡ್ಬೇಕಾ?" ಎಂದು ರಪುದೊ ಪಿಸುಗುಟ್ಟಿದ. (ಒಮೆರಾ ಎಂದರೆ ನಮ್ಮ ಮಾತಿನಲ್ಲಿ ತಮ್ಮಾ, ಗೆಳೆಯಾ ಎಂದಂತೆ.) ಮಿಲ್ಕಾ ಮೇಡಂ ಅದನ್ನು ಕೇಳಿಸಿಕೊಂಡರು. "ಒಂದು ಪುಟ ಉಳಿಸಿಕೊಂಡ್ರೂ ನಾನು ಈ ಬೀಗದ ಕೈ ಸರೋವರಕ್ಕೆ ಎಸೆದು ಮನೆಗೆ ಹೋಗ್ತೀನಿ. ಕಳ್ಳರು ಅಂತ ಅವರು ಬರೆದಿದಾರೆ. ಅದನ್ನ ನಿಜ ಮಾಡ್ತೀಯಾ?" ಎಂದರು. ನಾನು ಒಂದು ಪುಟವನ್ನೂ ಉಳಿಸಿಕೊಳ್ಳಲಿಲ್ಲ. ನನ್ನ ಚರಿತ್ರೆ ಬಲ್ಲ ಯಾರೂ ಇದನ್ನು ನಂಬುತ್ತಿಲ್ಲ. ಆ ಅವಮಾನವನ್ನೂ ತಮ್ಮ ಖಾತೆಗೇ ಹಾಕುತ್ತೇನೆ.

ಹೀಗಾಗಿ, ಮಾನ್ಯರೇ, ಈಗಿನ ಪರಿಸ್ಥಿತಿಯನ್ನು ತಮ್ಮ ಅವಗಾಹನೆಗೆ ತರುತ್ತೇನೆ. ಅಜ್ಜಿ ಓದಬಲ್ಲ ಪ್ರತಿ ಭೂಮಿಯ ಮೇಲೆ ಒಂದೇ ಇದೆ, ಅದು ತಮ್ಮ ಟ್ಯಾಬ್ಲೆಟ್ಟಿನಲ್ಲಿದೆ. ಗಡುವಿಲ್ಲದ್ದರಿಂದ ಅದು ತಾನಾಗಿ ಮುಚ್ಚಿಕೊಂಡಿಲ್ಲ. ಪೆಟ್ಟಿಗೆಯೇ ಇಲ್ಲದ್ದರಿಂದ ಇಲ್ಲಿಂದ ನಾವು ಅದನ್ನು ವಾಪಸು ಕರೆಸಲಾರೆವು. ತಮ್ಮದೇ ಆದೇಶದ ಪ್ರಕಾರ, ಈ ದ್ವೀಪದ ಪುಸ್ತಕದ ಅಕ್ರಮ ಪ್ರತಿಯನ್ನು ಇಟ್ಟುಕೊಂಡಿರುವ ಏಕೈಕ ಪ್ರಜೆ ತಾವು. ಮತ್ತು ನೆರಳು ಹೊರಗಿರುವುದರಿಂದ ದೇಹ ಒಳಗೇ ಇದೆ: ಮಿಲ್ಕಾ ಮೇಡಂ ಕೋಳಿಗೂಡಿನ ಬೀಗ ತೆಗೆಯಲು ಒಪ್ಪುವುದಿಲ್ಲ. "ವ್ಯವಸ್ಥೆ ಮುಚ್ಚಿರಬಹುದು, ನಿಯಮ ಮುಚ್ಚಿಲ್ಲ. ಓದ್ತಿರೋರು ಹಿಂದಿರುಗಿಸ್ಲಿ" ಎನ್ನುತ್ತಾರೆ. ಗೂಡಿನ ಮುಂದೆ ಈಗಲೂ ಜನ ಕೇಳುತ್ತಾರೆ, "ಯಾರು ಒಳಗೆ?" "ಮೇಷ್ಟ್ರು." "ಇನ್ನೂ?" "ಇನ್ನೂ." ಮೊದಲಿನಂತೆ ನಗುವುದಿಲ್ಲ.

ಅಜ್ಜಿ ದಿನಾ ಕೋಲೂರಿಕೊಂಡು ಬರುತ್ತಾಳೆ. "ಬಂತಾ?"

"ಇಲ್ಲ ಅಜ್ಜಿ. ಸಾಹೇಬ್ರು ಇನ್ನೂ ಓದ್ತಿದಾರೆ."

"ಓದ್ಲಿ, ಓದ್ಲಿ. ಒಂದೊಂದು ದೋಣಿಗೂ ನಿಂತು ನೋಡ್ತಿರ್ಬೇಕು. ನನ್ನ ಗಂಡನ್ನ ಇಷ್ಟು ನಿಧಾನವಾಗಿ ಯಾರೂ ಓದಿರ್ಲಿಲ್ಲ." ಆಮೇಲೆ ನನ್ನ ಮುಖದತ್ತ ಬಗ್ಗಿ, "ಆದ್ರೆ ಕಣ್ಣು ಕಾಯಲ್ಲ ಕಣೋ. ನಿನ್ನ ಮೂಗು ನೆನ್ನೆವರೆಗೂ ಇತ್ತು, ಇವತ್ತು ಇಲ್ಲ" ಎನ್ನುತ್ತಾಳೆ.

ಆದೇಶದ ವಿಷಯ ಅವಳಿಗೆ ಯಾರೂ ಹೇಳಿಲ್ಲ. ಪೆಟ್ಟಿಗೆ ರಿಪೇರಿಯಲ್ಲಿದೆ ಎಂದಿದ್ದೇವೆ. ನಾನು ಆಟಕ್ಕೆ ಸುಳ್ಳು ಹೇಳಿದವನು, ಸುಳ್ಳು ಹೇಳಿ ನಕ್ಕವನು. ಇಷ್ಟು ರುಚಿಗೆಟ್ಟ ಸುಳ್ಳು ನನ್ನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ. ಹೋದ ವಾರ ರಪುದೊ ಬಣ್ಣದ ಡಬ್ಬ ಹಿಡಿದು ದೋಣಿಯ ಮೂತಿಯೆದುರು ಕೂತಿದ್ದ. "ಒಮೆರಾ, ವೈರಿ ಅನ್ನೋದು ಅಳಿಸಿ ಬರೀ ಬೀಗ ಅಂತ ಉಳಿಸ್ಲಾ?" ಎಂದು ನನ್ನನ್ನು ಕೇಳುತ್ತಿದ್ದ. ಅಷ್ಟರಲ್ಲಿ ಅಜ್ಜಿ ಬಂದಳು. ಅವಳಿಗೆ ಬಣ್ಣದ ವಾಸನೆ ಸಿಕ್ಕಿತು.

"ಏನೋ ಮಾಡ್ತಿದೀಯ ಆ ಹೆಸರಿಗೆ?"

"ಏನಿಲ್ಲ ಅಜ್ಜಿ, ಮಾಸಿತ್ತು, ಹೊಳಪು ಕೊಡೋಣ ಅಂತ."

"ಕೊಡು. ಚೆನ್ನಾಗಿ ಕೊಡು. ಆ ಸಾಹೇಬ್ರು ಡಿಸೆಂಬರ್‌ಗೆ ಬರ್ತಾರೆ. ತಮ್ಮ ಹೆಸರಿನ ದೋಣೀಲೇ ಬರ್ಲಿ. ನನ್ನ ಗಂಡ ಇದ್ದಿದ್ರೆ ಈ ದೋಣಿ ಬಗ್ಗೆನೂ ಒಂದು ಅಧ್ಯಾಯ ಬರೀತಿದ್ದ."

ಬೈಗುಳ ಹೇಳುತ್ತಲೇ ಉಸಿರಾಡುವ ರಪುದೊ ಡಬ್ಬದಲ್ಲಿ ಕುಂಚ ಅದ್ದಿ ಆ ಹೆಸರಿಗೆ ಇನ್ನೊಂದು ಸಲ ನೀಲಿ ಬಳಿದ.

ಇಷ್ಟು ಹೊತ್ತು ತಾವು ತಾವು ಎಂದೆ. ಈಗ ನೀವು ಎನ್ನುತ್ತೇನೆ, ಬೇಡಿಕೆ ಕೇಳುವಾಗ ಮುಖ ನೋಡಿ ಕೇಳಬೇಕು. ಕಾನೂನು ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಅದನ್ನು ಕೇಳುವವರು, ಕೇಳಬೇಕಾದವರು ಬೇರೆ ಇದ್ದಾರೆ. ಪ್ರಕಾಶಕರಿಂದ ಒಂದು ಅನುಮತಿ ತನ್ನಿ. ಮಾರದ ಪುಸ್ತಕಕ್ಕೆ, ಬರೆದವನ ಹೆಂಡತಿಗೆ, ಒಂದು ಹೊತ್ತಿಗೆ ಒಬ್ಬಳೇ ಓದುವಂತೆ. ಒಂದು ಹಾಳೆ ಸಾಕು. ನೀವು ಕೇಳಿದರೆ ಇಲ್ಲ ಎನ್ನಲಾರರು, ಊಟದ ಹೊತ್ತು ಬಿಟ್ಟು ಕೇಳಿ. ಅದು ಆಗದಿದ್ದರೆ, ಕೊಟ್ಟ ಮಾತಿನಂತೆ ಡಿಸೆಂಬರಿನಲ್ಲಿ ಬನ್ನಿ, ಎರವಲು ಒಯ್ದ ಪುಸ್ತಕದ ಸಮೇತ. ಗಡುವಿಲ್ಲದೆ ಅದು ನಿಮ್ಮದೇ ಎರವಲಿನಲ್ಲಿದೆ. ನಿಮ್ಮ ಟ್ಯಾಬ್ಲೆಟ್ಟಿನಲ್ಲಿ ಮದುವೆಯ ದೋಣಿಯ ಪುಟ ತೆರೆದು, ಅಕ್ಷರವನ್ನು ಮೀನಿನ ಗಾತ್ರಕ್ಕೆ ಹಿಗ್ಗಿಸಿ, ಅವಳ ಕೈಗೆ ಕೊಡಿ. ಅವಳು ಓದುವಾಗ ನೀವು ಪಕ್ಕದಲ್ಲಿ ಕೂತಿರಿ. ಅದು ಯಾವ ಕಲಮಿನ ಅಡಿಯಲ್ಲಿ ಅಪರಾಧವೆಂದು ನಿಮ್ಮ ಕಚೇರಿ ತೀರ್ಮಾನಿಸುವಷ್ಟರಲ್ಲಿ ಅಜ್ಜಿ ಗಂಡನಿಗೆ ಉತ್ತರ ಕೊಟ್ಟು ಮುಗಿಸಿರುತ್ತಾಳೆ. ಮೀನಿನ ತಲೆ ನಿಮಗಾಗಿ ಇಟ್ಟಿರುತ್ತೇವೆ. ನಿಮ್ಮನ್ನು ಕರೆತರಲು ಆಚೆ ದಡಕ್ಕೆ "ಬೀಗಗಳ ವೈರಿ" ಬರುತ್ತದೆ, ಹೆಸರು ಅಳಿಸಿಲ್ಲ.

ಕೊನೆಯದಾಗಿ, ಇದನ್ನು ಪತ್ರಿಕೆಯಲ್ಲಿ ಏಕೆ ಬರೆದೆ, ನೇರವಾಗಿ ಕಚೇರಿಗೆ ಏಕೆ ಕಳಿಸಲಿಲ್ಲ ಎಂದು ಕೇಳುತ್ತೀರಿ. ಕಚೇರಿಗೆ ಕಳಿಸಿದರೆ ನೀವು ಸಭೆಯಲ್ಲಿರುತ್ತೀರಿ. ಇನ್ನು ಪತ್ರಿಕೆಯ ಅಕ್ಷರ ಚಿಕ್ಕದು. ಪೆರೆಸ್ ಅಜ್ಜಿಗೆ ಕಾಣುವುದಿಲ್ಲ. ಇಡೀ ನ್ಯಾಮುವಾ ದ್ವೀಪ ಇದನ್ನು ಓದುತ್ತದೆ, ಯಾರೂ ಅವಳಿಗೆ ಓದಿ ಹೇಳಕೂಡದೆಂದು ಮಾತಾಗಿದೆ. ಇಷ್ಟು ಜನ ಒಟ್ಟಿಗೆ ಬಾಯಿ ಮುಚ್ಚಿಕೊಂಡಿರುವುದು ನಮ್ಮ ದ್ವೀಪದಲ್ಲಿ ಇದೇ ಮೊದಲು. ನೀವು ಮಾಡಿದ್ದೇನೆಂದು ಡಿಸೆಂಬರಿನವರೆಗೆ ಅವಳಿಗೆ ತಿಳಿಯದಂತೆ ನಾವು ನೋಡಿಕೊಳ್ಳುತ್ತೇವೆ. ಆಮೇಲೂ ತಿಳಿಯದಂತೆ ನೋಡಿಕೊಳ್ಳಲು ನೀವೇ ಬರಬೇಕು.

ಇಂತಿ,
ಆ ಗಡುವಿನ ಜಾಗವನ್ನು ಖಾಲಿ ಬಿಟ್ಟು ಈಗ ಕೈ ಹಿಸುಕಿಕೊಳ್ಳುತ್ತಿರುವ,
ಸಿಲಾಸ್ ಒಗ್ವೆನೊ
ಮೊಬೈಲ್ ರಿಪೇರಿ, ಮೀನುಕಟ್ಟೆ, ನ್ಯಾಮುವಾ
(ಕತ್ತರಿ ಬೇಕಾದರೆ ತಿಳಿಸಿ. ಮತ್ತೆ ಉದ್ಘಾಟಿಸುವುದಾದರೆ ಮಾತ್ರ ಕೊಡುತ್ತೇನೆ.)